ಒಂಬತ್ತು ಲಕ್ಷ ಹಾಡಿನ ಮನೆ

"ಕೇಳ್ರಪ್ಪೋ ಕೇಳಿ! ದೊರೆ ಕಲಿರಾಯರ ಹಾಡಿನಮನೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ಸೋತವರು ಜೀವ ಇರುವ ತನಕ ಅಲ್ಲಿನ ನೆಲಮಾಳಿಗೆ ಬಿಟ್ಟು ಬರುವ ಹಾಗಿಲ್ಲ!"

ಡಂಗುರ ಕೇಳಿ ಉಪ್ಪು ಮಾರುವ ಹೊನ್ನೂರ ಕತ್ತೆಯನ್ನು ಮರಕ್ಕೆ ಕಟ್ಟಿದ. ಅವನಿಗೆ ಬಹುಮಾನದ ಆಸೆ ಇರಲಿಲ್ಲ. ಚೆನ್ನಾಗಿ ಹಾಡುತ್ತಿದ್ದ ಅವನ ಅಕ್ಕ ಹಂಪವ್ವ ಏಳು ತಿಂಗಳ ಹಿಂದೆ ಇದೇ ಡಂಗುರ ಕೇಳಿ ಒಳಗೆ ಹೋದವಳು ತಿರುಗಿ ಬಂದಿರಲಿಲ್ಲ.

ಹಾಡಿನಮನೆಗೆ ಒಂದೇ ಬಾಗಿಲು, ಕಿಟಕಿ ಒಂದೂ ಇಲ್ಲ. ದೊರೆ ನಾಡಿನ ಹಾಡುಗಳನ್ನೆಲ್ಲ ಧ್ವನಿಮುದ್ರಿಸಿ ಅಲ್ಲೊಂದು ಯಂತ್ರಕ್ಕೆ ತುಂಬಿಸಿದ್ದ. ಒಟ್ಟು ಒಂಬತ್ತು ಲಕ್ಷ. ಬೇಕಾದ ಪದ ಒತ್ತಿದರೆ ಗಾಜಿನ ಪರದೆಯ ಮೇಲೆ ಹಾಡುಗಳ ಸಾಲು ಮೂಡುತ್ತಿತ್ತು. ಯಾವ ಹಾಡು ಯಾರದು, ಯಾವ ಸೀಮೆಯದು, ಯಾವ ಕೆಲಸದ್ದು ಎಂದು ಕೇಳಿ ಕೇಳಿ ಬರೆಯುವುದೇ ಸೆರೆಯವರ ಪಾಲಿನ ಕೆಲಸ.

ಆ ದಿನ ಹೊನ್ನೂರನ ಜೊತೆ ಇಬ್ಬರು ಒಳಗೆ ಬಂದರು. ಒಬ್ಬರು ಸಂಗೀತ ಬಲ್ಲ ಶ್ರೀಕಂಠಶಾಸ್ತ್ರಿಗಳು, ಇನ್ನೊಬ್ಬ ನೆರೆರಾಜ್ಯದ ಅರಸುಮಗ. ಹಿಂದೆ ಬಾಗಿಲು ಮುಚ್ಚಿ ಅಗುಳಿ ಬಿದ್ದ ಸದ್ದಿಗೆ ಹೊನ್ನೂರ ತಿರುಗಿ ನೋಡಿದ. ಕಾಲಡಿಯಲ್ಲಿ ಯಾರೋ ಕೆಮ್ಮಿದರು. ಅಕ್ಕನೇ ಇರಬಹುದೇ ಎಂದು ಕಿವಿಗೊಟ್ಟ. ಮತ್ತೆ ಸದ್ದಿಲ್ಲ.

ಯಂತ್ರದ ಪಕ್ಕದಲ್ಲಿ ಕಲಿರಾಯ ಕೂತಿದ್ದ. ಗಡ್ಡ ಎದೆಗಿಳಿದಿತ್ತು. ರಾಣಿ ತೀರಿಕೊಂಡ ಮೇಲೆ, ಮೂರು ವರ್ಷದಿಂದ, ಅವನೂ ಹೊಸ್ತಿಲು ದಾಟಿರಲಿಲ್ಲ.

"ಮೊದಲನೆಯದು" ಎಂದ ದೊರೆ. "ಸಂತೆಯಲ್ಲಿ ಒಂದು ಮಗು ಕಳೆದಿದೆ. ಹುಡುಕುವವಳಿಗೆ ಅದರ ಹೆಸರು ಗೊತ್ತಿಲ್ಲ, ಅದಕ್ಕೆ ಮುಖವೇ ಇಲ್ಲ. ಆದರೂ ಸಾವಿರ ಮಕ್ಕಳ ನಡುವೆ ಅದನ್ನೇ ಎತ್ತಿಕೊಳ್ಳುತ್ತಾಳೆ. ಯಾವ ಮಗು ಅದು?"

"ಗಾಳಿ!" ಎಂದ ಅರಸುಮಗ, ತಡಮಾಡದೆ. ಭಟರು ಅವನ ರಟ್ಟೆ ಹಿಡಿದರು. ಮೆಟ್ಟಿಲಿಳಿಯುವಾಗ ಅವನು ಅಪ್ಪನ ಹೆಸರು ಹಿಡಿದು ಕೂಗುತ್ತಲೇ ಇದ್ದ.

ಹೊನ್ನೂರ ಒಂದು ಹೆಜ್ಜೆ ಮುಂದೆ ಬಂದ. "ಹಾಡು, ಬುದ್ಧಿ. ಹೆಸರು ಗೊತ್ತಿಲ್ಲದಿದ್ದರೂ ದನಿ ಕೇಳಿದರೆ ನಮ್ಮದು ಅಂತ ಗೊತ್ತಾಗುತ್ತದೆ."

ಶಾಸ್ತ್ರಿಗಳೂ ಹೌದೆಂದು ತಲೆಯಾಡಿಸಿದರು.

"ಎರಡನೆಯದು. ಒಂದು ಮನೆಗೆ ಎಲ್ಲ ದಿಕ್ಕಿಗೂ ಬಾಗಿಲು, ಒಂದಕ್ಕೂ ಬೀಗವಿಲ್ಲ. ಒಳಗೆ ತುಂಬಿ ತುಳುಕುವ ಸಂಪತ್ತು. ಆದರೂ ಹೋದವನು ಬರಿಗೈಲಿ ಬರುತ್ತಾನೆ. ಏಕೆ?"

"ಅದು ವೇದ. ಅಧಿಕಾರವಿಲ್ಲದವನಿಗೆ ದಕ್ಕದು" ಎಂದರು ಶಾಸ್ತ್ರಿಗಳು. ದೊರೆ ಕಣ್ಣು ಮುಚ್ಚಿಕೊಂಡ. ಶಾಸ್ತ್ರಿಗಳು ಕೂಗಾಡಲಿಲ್ಲ. ಶಾಲು ಸರಿಮಾಡಿಕೊಂಡು ಇಳಿದುಹೋದರು.

ಹೊನ್ನೂರ ಪರದೆ ನೋಡಿದ. "ಈ ಯಂತ್ರವೇ ಆ ಮನೆ, ಬುದ್ಧಿ. ಹಾಡಿದವರ ಹೆಸರಿಂದ ಹೊಗಬಹುದು, ರಾಗದಿಂದ ಹೊಗಬಹುದು, ಊರಿಂದ ಹೊಗಬಹುದು. ಆದರೆ ಏನು ಬೇಕು ಅಂತ ತನಗೇ ತಿಳಿಯದವನಿಗೆ ಕೈಗೇನು ಹತ್ತೀತು?"

ದೊರೆಯ ಮುಖ ಬಿಳಿಚಿತು. ಹೊತ್ತು ಅಳೆಯಲು ನೀರಿನ ಮೇಲೆ, ತಳದಲ್ಲಿ ತೂತಿದ್ದ ಗಳಿಗೆ ಬಟ್ಟಲನ್ನು ತೇಲಿಬಿಟ್ಟ.

"ಬಾಯಂಚಲ್ಲಿದೆ, ನಾಲಿಗೆಗೆ ಬಾರದು. ನನ್ನ ಮನೆಯಲ್ಲೇ ಇದೆ, ನನಗೆ ಸಿಗದು. ಹಗ್ಗವಿಲ್ಲದೆ ನನ್ನನ್ನು ಕಟ್ಟಿಹಾಕಿದೆ. ಏನದು? ಬಟ್ಟಲು ಮುಳುಗುವುದರೊಳಗೆ ನನ್ನ ಮುಂದಿಡು."

"ಮರೆತ ಹಾಡು" ಎಂದ ಹೊನ್ನೂರ ಮೆಲ್ಲಗೆ. "ರಾಣಿಯವರದ್ದಾ?"

"ಅವಳದ್ದೇ. ಪದ ನೆನಪಿಲ್ಲ, ಧಾಟಿ ನೆನಪಿಲ್ಲ. ಬಂದವರೆಲ್ಲ ಪದ ಕೇಳಿದರು, ರಾಗ ಕೇಳಿದರು. ನಾನೇನು ಹೇಳಲಿ?"

"ಅವರು ಹಾಡುವಾಗ ಕೈ ಏನು ಮಾಡುತ್ತಿತ್ತು?"

ಹಾಗೆ ಯಾರೂ ಕೇಳಿರಲಿಲ್ಲ. "ಮೊಸರು ಕಡೆಯುತ್ತಿತ್ತು" ಎಂದ ದೊರೆ. "ಅರಮನೆಗೆ ಬಂದರೂ ತವರಿನ ರೂಢಿ ಬಿಡಲಿಲ್ಲ."

"ತವರು?"

"ಹುಲ್ಲೂರು ಸೀಮೆ."

ಹೊನ್ನೂರ ಅಕ್ಷರ ಕೂಡಿಸಿ ಕೂಡಿಸಿ 'ಮೊಸರು ಕಡೆಯುವ ಹಾಡು' ಎಂದು ಒತ್ತಿದ. ಒಂಬೈನೂರು ಬಂದವು. 'ಹುಲ್ಲೂರು ಸೀಮೆ' ಸೇರಿಸಿದ. ನಲವತ್ತು ಉಳಿದವು. ಬಟ್ಟಲು ಆಗಲೇ ಅರ್ಧ ತುಂಬಿತ್ತು. ನಲವತ್ತನ್ನೂ ಪೂರ್ತಿ ಕೇಳುವಷ್ಟು ಹೊತ್ತಿರಲಿಲ್ಲ. ಒಂದೊಂದರ ಮೊದಲ ಸಾಲು ಮಾತ್ರ ಕೇಳಿಸುತ್ತ ಹೋದ. ಯಂತ್ರದ ಕಡೆ ನೋಡಲಿಲ್ಲ, ದೊರೆಯ ಮುಖವನ್ನೇ ನೋಡುತ್ತಿದ್ದ. ಹತ್ತಾಯಿತು, ಇಪ್ಪತ್ತಾಯಿತು, ಆ ಮುಖ ಕಲ್ಲು. ಹೊನ್ನೂರ ಮುಂದಿನದನ್ನು ಒತ್ತಿದ. ಈ ಗೋಡೆಗಳ ನಡುವೆಯೇ ತನ್ನ ಕೂದಲೂ ನೆರೆಯುತ್ತದೆ ಎಂದುಕೊಂಡ.

ಮೂವತ್ತೊಂದನೆಯದು ಯಾವಳೋ ಮುದುಕಿಯ ನಡುಗುವ ದನಿ. ಅವಳು ಎರಡನೇ ಸಾಲು ಎತ್ತುವ ಮೊದಲೇ ದೊರೆಯ ತುಟಿ ಆ ಸಾಲು ಹೇಳಿತು. ಅವನ ಎರಡೂ ಕೈ ಇಲ್ಲದ ಕಡಗೋಲಿನ ಹಗ್ಗವನ್ನು ಎಳೆಯತೊಡಗಿದವು. ಬಟ್ಟಲು ಗುಳಕ್ಕೆಂದು ಮುಳುಗಿತು.

ಹಾಡು ಮುಗಿಯುವ ತನಕ ದೊರೆಯ ಕೈಗಳು ನಿಲ್ಲಲಿಲ್ಲ. ಆಮೇಲೆ ಕೇಳಿದ: "ಒಂಬತ್ತು ಲಕ್ಷದಲ್ಲಿ ನಿನಗೆ ಹೇಗೆ ಸಿಕ್ಕಿತು?"

"ನೀವು ಪದ ಮರೆತಿದ್ದಿರಿ, ಆ ಕೈಗಳನ್ನು ಮರೆತಿರಲಿಲ್ಲ. ಆದರೆ ಇದು ಮೊಸರು ಕಡೆಯುವ ಹಾಡು, ಇದು ಹುಲ್ಲೂರಿನದು ಅಂತ ಯಾರಾದರೂ ಬರೆದಿಡದಿದ್ದರೆ ನಾನು ಸಾಯೋ ತನಕ ಹುಡುಕಿದರೂ ಸಿಗುತ್ತಿರಲಿಲ್ಲ. ಬರೆದವರು ಕೆಳಗಿದ್ದಾರೆ, ಬುದ್ಧಿ. ನಿಮಗೆ ಉತ್ತರ ಕೊಟ್ಟವರು ಅವರೇ."

"ಅರ್ಧ ರಾಜ್ಯ ಕೇಳು, ಕೊಡುತ್ತೇನೆ."

"ಬಾಗಿಲು ತೆಗೆಸಿ. ಅಷ್ಟು ಸಾಕು."

ಕಲಿರಾಯ ಭಟರನ್ನು ಕರೆಯಲಿಲ್ಲ. ತಾನೇ ಎದ್ದು, ಮೂರು ವರ್ಷ ಮಡಿಚಿಕೊಂಡೇ ಇದ್ದ ಮಂಡಿಗಳನ್ನು ನೀವಿಕೊಂಡು, ಅಗುಳಿ ಸರಿಸಿದ. ನೆಲಮಾಳಿಗೆಯಿಂದ ಎಂಬತ್ತಮೂರು ಜನ ಮೇಲೆ ಬಂದರು. ಶಾಸ್ತ್ರಿಗಳು ಅರಸುಮಗನ ಕೈಹಿಡಿದು ನಡೆಸಿಕೊಂಡು ಬಂದರು. ಅಂದಿನಿಂದ ಆ ಮನೆಗೆ ಅಗುಳಿ ಹಾಕಲಿಲ್ಲ. ಯಾರು ಬೇಕಾದರೂ ಬಂದು ತಮ್ಮ ಹಾಡು ಹುಡುಕಿ ಕೇಳಬಹುದಾಯಿತು. ಹೊನ್ನೂರನಿಗೆ ದೊರೆ ಹತ್ತು ಎಕರೆ ನೀರಾವರಿ ಭೂಮಿ ಬರೆದುಕೊಟ್ಟ. ಬೇಡವೆಂದರೂ ಬಿಡಲಿಲ್ಲ.

ಹಂಪವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಬಿಸಿಲಿಗೆ ಕಣ್ಣು ಬಿಡಲಾಗದೆ ತಮ್ಮನ ಮುಖವನ್ನು ಕೈಯಿಂದ ತಡವಿದಳು.

"ಯಾವ ತಿಂಗಳೋ ಇದು, ಹೊನ್ನೂರ?"

"ಊರಿಗೆ ಹೋಗೋ ತಿಂಗಳು ಕಣಕ್ಕಾ" ಎಂದ ತಮ್ಮ, ಮತ್ತು ಅವಳನ್ನು ಕತ್ತೆಯ ಮೇಲೆ ಕೂರಿಸಿದ.