ಬೋರಮ್ಮನ ಮಗ ಸ್ಕೂಟರ್ ಹತ್ತಿದ್ದು

ಓಡಿಸಿದರೆ ನಿಲ್ಲುತ್ತೆ, ನಿಲ್ಲಿಸಿದರೆ ಬೀಳುತ್ತೆ, ಬಿದ್ದರೂ ಸಂಜೆಗೆ ಎದ್ದು ಬಂದು ಮುದ್ದೆ ಕೇಳುತ್ತೆ. ಅದೇನು ಹೇಳಿ? ಸ್ಕೂಟರ್ ಅಂದಿರಾ? ಸ್ಕೂಟರ್ ಎಲ್ಲಾದರೂ ಮುದ್ದೆ ಕೇಳುತ್ತಾ? ನಿಮ್ಮ ಕೈಲಾಗಲ್ಲ ಬಿಡಿ. ಚಳ್ಳಕೆರೆಯಲ್ಲಿ ರವಿಕೆ ಹೊಲಿಯುವ ಬೋರಮ್ಮನಿಗೆ ಮಾತ್ರ ಗೊತ್ತು. ಅದು ಅವಳ ಮಗ ಓಬಳೇಶ.

ಡಿಗ್ರಿ ಮೊದಲ ವರ್ಷದಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದ. ಈ ಸಲ ಪರೀಕ್ಷೆ ತಪ್ಪಿದರೆ ಕಾಲೇಜಿನಿಂದಲೇ ಹೊರಗೆ. ಬಸ್ಸಿಗೆ ದಿನಾ ತಡವಾಗುತ್ತೆ ಅಂತ ಬೋರಮ್ಮ ಹೊಲಿದ ರವಿಕೆ ಮನೆಮನೆಗೆ ಮುಟ್ಟಿಸುವ ತನ್ನ ಸ್ಕೂಟರನ್ನೇ ಕೊಟ್ಟಳು. ಮನೆಗೆ ಬರೋ ತನಕ ಹೆಲ್ಮೆಟ್ ತೆಗೀಬೇಡ ಅಂದಳು.

ತೆಗೆಯಲಿಲ್ಲ. ಕ್ಲಾಸಿನಲ್ಲೂ ಹಾಕಿಕೊಂಡೇ ಕೂತ. ಹೆಸರು ಕೂಗಿದ್ದು ಕೇಳಿಸದೆ ಗೈರುಹಾಜರಾದ.

ಬೋರಮ್ಮ ಸೂಜಿ ಕೆಳಗಿಟ್ಟಳು. ಮೇಷ್ಟ್ರು ಎದುರಿಗೆ ಬಂದರೆ ಹೆಲ್ಮೆಟ್ ತೆಗೆದು ಕೈ ಮುಗೀಬೇಕು ಕಣೋ ಅಂದಳು.

ಮಾರನೇ ದಿನ ಮೇಷ್ಟ್ರು ರಸ್ತೆಯಲ್ಲೇ ಬೈಕಿನ ಮೇಲೆ ಎದುರಾದರು. ಓಬಳೇಶ ಓಡುವ ಗಾಡಿಯಲ್ಲೇ ಎರಡೂ ಕೈ ಬಿಟ್ಟು ಹೆಲ್ಮೆಟ್ ತೆಗೆದು ಕೈ ಮುಗಿದ. ಸ್ಕೂಟರ್ ಸೀದಾ ಎಳನೀರಿನ ರಾಶಿಗೆ ನುಗ್ಗಿತು.

ಮಂಡಿಗೆ ಅರಿಶಿನ ಹಚ್ಚುತ್ತಾ ಬೋರಮ್ಮ ಅಂದಳು, "ಗಾಡಿ ಮೇಲಿದ್ದಾಗ ಜೀವ ಹೋದರೂ ಹ್ಯಾಂಡಲ್ ಬಿಡಬೇಡ ಕಣಪ್ಪ."

ಬಿಡಲಿಲ್ಲ. ಪೆಟ್ರೋಲ್ ಬಂಕಿನಲ್ಲೂ ಬಿಡಲಿಲ್ಲ. ಬಂಕಿನ ಹುಡುಗ ಸೀಟು ಎತ್ತಬೇಕು ಇಳಿಯಪ್ಪ ಅಂತ ಬೇಡಿಕೊಂಡ, ಹಿಂದಿನವರೆಲ್ಲ ಹಾರ್ನ್ ಒತ್ತಿದರು. ಕೊನೆಗೆ ಖಾಲಿ ಟ್ಯಾಂಕಿನಲ್ಲೇ ಹೊರಟು ಅರ್ಧ ದಾರಿಯಲ್ಲಿ ನಿಂತುಬಿಟ್ಟ.

ಬೈಯೋಕೂ ಬೋರಮ್ಮನಲ್ಲಿ ತ್ರಾಣ ಉಳಿದಿರಲಿಲ್ಲ. ಪರೀಕ್ಷೆ ದಿನ ತಾನೇ ಗಾಡಿ ತೆಗೆದಳು. ಇಬ್ಬರಿಗೂ ಹೆಲ್ಮೆಟ್. ಹಿಂದೆ ನನ್ನ ಸೊಂಟ ಗಟ್ಟಿಯಾಗಿ ಹಿಡ್ಕೊಂಡು ಕೂರು, ಯಾರು ಏನೇ ಅಂದರೂ ಬಿಡಬೇಡ ಅಂದಳು.

ಟೈಮಿಗೆ ಸರಿಯಾಗಿ ಮುಟ್ಟಿದರು. ಗಂಟೆ ಹೊಡೆಯಿತು.

"ಇನ್ನು ಬಿಡೋ."

"ಯಾರು ಏನೇ ಅಂದರೂ ಬಿಡಬೇಡ ಅಂದಿದ್ದೆಯಲ್ಲವ್ವ."

"ನಾನೇ ಹೇಳ್ತಿದ್ದೀನಲ್ಲೋ."

"ಯಾರು ಅಂದರೆ ಅದರಲ್ಲಿ ನೀನೂ ಸೇರಿದ್ದೀಯಲ್ಲವ್ವ."

ವಾಚ್‌ಮನ್ ಎಳೆದ, ಮೇಷ್ಟ್ರು ಎಳೆದರು, ಬರಲಿಲ್ಲ. ಬಾಗಿಲು ಹಾಕೋ ಹೊತ್ತಾಯಿತು. ಬೋರಮ್ಮ ಸೊಂಟಕ್ಕೆ ಮಗನನ್ನು ಅಂಟಿಸಿಕೊಂಡೇ ಪರೀಕ್ಷೆ ಕೋಣೆಯೊಳಗೆ ಹೋಗಿ ಕೂತಳು. ಅವನ ಎರಡೂ ಕೈ ಅವಳ ಸೊಂಟದಲ್ಲಿ, ಪೆನ್ನು ಹಿಡಿಯೋರು ಯಾರು? ಅವಳೇ ಹಿಡಿದಳು. ಪರೀಕ್ಷೆ ಬರೆದಳು. ಪಾಸೂ ಆದಳು.

ಪರೀಕ್ಷೆ ಕೋಣೆಯೊಳಗಿನದು ನಾನು ಕಟ್ಟಿದ್ದು. ಬಾಗಿಲು ಹಾಕಿದ ಮೇಲೆ ಏನಾಯಿತೋ ಯಾರಿಗೆ ಗೊತ್ತು. ಹಾಗಾಗಿದ್ದರೆ ಆ ತಾಯಿಗೆ ಮೂರು ಗಂಟೆಯಾದರೂ ಫ್ಯಾನಿನ ಕೆಳಗೆ ಕೂರೋಕೆ ಸಿಗುತ್ತಿತ್ತಲ್ಲ ಅಂತ ಕಟ್ಟಿದೆ.