ಪಚ್ಚಿ ಬಿಸಿಲಿಗೆ ಒಲೆ ಹೂಡಿದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ, ಪುಟ್ಟಿ. ಆಗ ಗಿಡವಿಲ್ಲ, ಮರವಿಲ್ಲ, ಕತೆ ಹೇಳುವ ನಿನ್ನ ಅಜ್ಜಿಯೂ ಇಲ್ಲ. ಒಂದು ಕೆರೆಯಲ್ಲಿ ಬೆಳ್ಳಕ್ಕ ಎಂಬ ಜೀವಕೋಶ ಇದ್ದಳು. ಕಣ್ಣಿಗೆ ಕಾಣದಷ್ಟು ಚಿಕ್ಕವಳು, ಹಸಿವು ಮಾತ್ರ ಬೆಟ್ಟದಷ್ಟು. ಸಿಕ್ಕಿದ್ದನ್ನು ನುಂಗುವುದೇ ಅವಳ ಕೆಲಸ.

ಒಂದು ಬೆಳಿಗ್ಗೆ ಅವಳು ಪಚ್ಚಿಯನ್ನು ನುಂಗಿದಳು. ಪಚ್ಚಿ ಅಂದರೆ ಒಂದು ಹಸಿರು ಚುಕ್ಕಿ. ಬಿಸಿಲಿನಲ್ಲೇ ಅಡುಗೆ ಮಾಡಿ ಉಣ್ಣುತ್ತಾ ತನ್ನ ಪಾಡಿಗೆ ತೇಲುತ್ತಿದ್ದವಳು. ಹೊಟ್ಟೆಯೊಳಗೆ ಬಿದ್ದರೂ ಅವಳು ಅಳಲಿಲ್ಲ.

“ಅಕ್ಕಾ, ನನ್ನ ತಿಂದ್ರೆ ಒಂದೇ ಹೊತ್ತಿನ ಊಟ. ಇಟ್ಕೊಂಡ್ರೆ ದಿನಾ ಅಡುಗೆ ಮಾಡಿ ಹಾಕ್ತೀನಿ.”

“ಸಂಜೆಯೊಳಗೆ ಮಾಡಿ ತೋರ್ಸು. ಇಲ್ದಿದ್ರೆ ನೀನೇ ನನ್ನ ಊಟ,” ಅಂದಳು ಬೆಳ್ಳಕ್ಕ.

ಅಷ್ಟು ಹೇಳಿ ಸುಮ್ಮನಿದ್ದಳೇ? ಇಂಥ ಅಡುಗೆಯವಳನ್ನು ನೆರೆಯವರು ಕಸಿದುಕೊಂಡಾರೆಂದು ಹೆದರಿ, ಕೆರೆಯ ತಳದ ಕೆಸರಿಗೆ ಇಳಿದು ಅವಿತುಕೊಂಡಳು. ಎಂಥ ದಡ್ಡಿ! ಅಲ್ಲಿ ಒಂದೆಳೆ ಬೆಳಕೂ ಇಲ್ಲ.

“ಅಕ್ಕಾ, ಮೇಲೆ ನಡಿ. ಬಿಸಿಲಿಲ್ದೆ ನನ್ನ ಒಲೆ ಹತ್ತಲ್ಲ.”

“ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನೀನು ಬರೀ ಮಾತಿನ ಮಲ್ಲಿ!” ಎಂದು ಬೆಳ್ಳಕ್ಕ ಅವಳನ್ನು ಅಂಚಿನಿಂದ ಕರಗಿಸತೊಡಗಿದಳು.

ಪಚ್ಚಿಗೆ ಉರಿಯಿತು. ಭಯವೂ ಆಯಿತು. ಆದರೂ ಹಟ ಬಿಡಲಿಲ್ಲ. ಒಳಗಿನಿಂದ ಬೆಳ್ಳಕ್ಕನನ್ನು ಮೇಲಕ್ಕೆ ತಳ್ಳಿದಳು. ಮತ್ತೆ ತಳ್ಳಿದಳು. ಜಾರಿದಳು, ಮತ್ತೆ ತಳ್ಳಿದಳು. ಹೊತ್ತು ಇಳಿಯುವ ಮೊದಲು ಇಬ್ಬರೂ ನೀರಿನ ಮೇಲೆ ಬಂದರು.

“ನೀರವ್ವಾ, ಒಂದು ಗುಟುಕು ಕೊಡು. ಗಾಳಿಯಣ್ಣಾ, ಎಲ್ಲರೂ ಉಸಿರಾಡಿ ಬಿಟ್ಟದ್ದು ಒಂಚೂರು ಕೊಡು,” ಅಂದಳು ಪಚ್ಚಿ.

“ಯಾರಿಗೂ ಬೇಡದ್ದು ನಿಂಗ್ಯಾಕೆ?” ಗಾಳಿ ನಕ್ಕಿತು. “ತಗೋ.”

ಪಚ್ಚಿ ಬಿಸಿಲನ್ನು ಹಿಡಿದು ನೀರನ್ನು ಒಡೆದಳು, ಗಾಳಿಯ ಜೊತೆ ಬೆರೆಸಿದಳು. ಸಕ್ಕರೆಯಾಯಿತು! ಮಿಕ್ಕ ಒಳ್ಳೆಯ ಗಾಳಿಯನ್ನು ಗುಳ್ಳೆ ಮಾಡಿ ಹೊರಗೆ ಬಿಟ್ಟಳು. ನೀನೂ ನಾನೂ ಈಗ ಉಸಿರಾಡುವುದು ಅದನ್ನೇ.

ಬೆಳ್ಳಕ್ಕ ರುಚಿ ನೋಡಿದಳು. ನಾಚಿಕೆಯಿಂದ ತಲೆ ತಗ್ಗಿಸಿದಳು.

“ತಪ್ಪಾಯ್ತು ಕಣೇ ಪಚ್ಚಿ. ಇನ್ನು ನಿನ್ನ ಕತ್ತಲಲ್ಲಿ ಇಡಲ್ಲ. ನನ್ನ ಮಕ್ಕಳು ಮರಿಮಕ್ಕಳೂ ಇಡಲ್ಲ.”

ಆ ಮರಿಮಕ್ಕಳೇ ಮುಂದೆ ದಡ ಹತ್ತಿ ಹುಲ್ಲಾದರು, ಗಿಡವಾದರು, ಮರವಾದರು. ಎಲೆಯ ಒಂದೊಂದು ಕೋಶದಲ್ಲೂ ಪಚ್ಚಿಯ ಮಕ್ಕಳು ಸಾಲಾಗಿ ಕೂತು ಅಡುಗೆ ಮಾಡುತ್ತಿದ್ದಾರೆ.

ಅದಕ್ಕೇ ಪುಟ್ಟಿ, ಕಿಟಕಿಯ ಬಳಿ ನೀನು ಬೆಳೆಸಿದ ಮೆಂತ್ಯದ ಸಸಿಗಳನ್ನು ಎತ್ತ ತಿರುಗಿಸಿಟ್ಟರೂ, ಎರಡು ದಿನದಲ್ಲಿ ಅವು ಹಟ ಹಿಡಿದು ಮತ್ತೆ ಬೆಳಕಿನ ಕಡೆಗೇ ಬಾಗುತ್ತವೆ.