ಗುರುತಿನ ರೂಮು

ಒಂದೂರು. ಯಾವೂರು ಅಂತ ಕೇಳಬೇಡಿ, ಕೇಳಿದಾಗೆಲ್ಲ ಬೇರೆ ಹೆಸರು ಹೇಳುತ್ತೇನೆ. ಆ ಊರಿನ ಗುಡ್ಡದಲ್ಲಿ ಗವಿಗಳಿದ್ದವು, ಗವಿ ನೋಡಲು ಪರದೇಶದವರು ಬರುತ್ತಿದ್ದರು, ಅವರಿಗೆ ರೊಟ್ಟಿ ಮಾರಿ ಕಾಶವ್ವ ಬದುಕುತ್ತಿದ್ದಳು. ಅವಳಿಗೊಬ್ಬ ಮಗ, ಯಮನೂರ. ಹೇಳಿದ್ದನ್ನು ಮಾಡುವವ. ಹೇಳಿದ್ದನ್ನಷ್ಟೇ ಮಾಡುವವ.

ಲಾಡ್ಜಿನ ಸಂಗಣ್ಣ ಸಾಹುಕಾರ ಒಂದು ದಿನ ಅಂದ: “ಕಾಶವ್ವ, ನಿನ್ನ ಮಗ ಎಂಟು ದಿನದಾಗ ಇಂಗ್ಲಿಷಿನ ‘ಎ’, ‘ದಿ’ ಸರಿಯಾಗಿ ಹಚ್ಚೋದು ಕಲೀಲಿ, ಕೌಂಟರಿನ ಕೆಲಸ ಅವಂದೇ.”

ಕಾಶವ್ವನ ಮೊಣಕಾಲು ಸೋತಿದ್ದವು. ಮಗನಿಗೆ ಈ ಕೆಲಸ ಸಿಕ್ಕರೆ ತಾನು ಗುಡ್ಡ ಹತ್ತುವುದು ತಪ್ಪುತ್ತದೆ. ಅವನನ್ನು ಕುಲಕರ್ಣಿ ಮಾಸ್ತರರ ಹತ್ತಿರ ಓಡಿಸಿದಳು.

“‘ಎ’ ಅಂದ್ರ ಯಾವುದಾದರೂ ಒಂದು. ತಿಳೀತೇನು?” ಅಂದರು ಮಾಸ್ತರು.

“ತಿಳೀತ್ರಿ.”

ಸಂಜೆ ಮಠದ ಬಾಗಿಲಲ್ಲಿ ಅವ್ವ ಅಂದಳು: “ಚಪ್ಪಲಿ ತಗೊಂಡು ಬಾರೋ.” ಯಮನೂರ ಒಂದು ತಂದ. ಪೊಲೀಸ್ ಫೌಜದಾರರ ಬೂಟು! ಫೌಜದಾರರು ಕುಂಟುತ್ತ ಹಿಂದೆಯೇ ಬಂದರು.

“ಅಯ್ಯ ನನ್ನ ಕರ್ಮವೇ! ಯಾವುದೋ ಒಂದಲ್ಲೋ, ಗುರುತಿಂದು ನೋಡಿ ಅದನ್ನೇ ತರಬೇಕು!”

“ಹೂನವ್ವ.”

ಮಾಸ್ತರರೂ ಮರುದಿನ ‘ದಿ’ ಅಂದರೆ ಗುರುತಿದ್ದ ಅದೇ ಒಂದು ಅಂದರು. ಯಮನೂರನಿಗೆ ಭಾಳ ಸಮಾಧಾನವಾಯಿತು.

“ರೊಟ್ಟಿ ಬುಟ್ಟಿ ಭಾರ ಆಗೇತಿ, ಒಂದು ಆಟೋ ಕರಿಯಪಾ,” ಅಂದಳು ಅವ್ವ.

ಒಂದು ಆಟೋ ಬಂತು. “ನೀ ಅಲ್ಲ!” ಇನ್ನೊಂದು ಬಂತು. “ನೀನೂ ಅಲ್ಲ!” ಹೀಗೆ ಹನ್ನೆರಡು ಹೋದವು.

“ಮತ್ತ್ಯಾವುದು ಬೇಕೋ ನಿನಗ?” ಅಂದ ಹದಿಮೂರನೆಯವ.

“ಮೊನ್ನೆ ಅವ್ವನ್ನ ದವಾಖಾನಿಗೆ ಒಯ್ದಿತ್ತಲ್ಲ, ಸೀಟು ಹರದದ್ದು, ಅದೇ!”

ಅದು ಸಂಜೆಗೆ ಬಂತು. ಅಷ್ಟರಲ್ಲಿ ಮೆತ್ತನೆಯ ರೊಟ್ಟಿಗಳು ಹಂಚಿನಂತಾಗಿದ್ದವು. ಕಾಶವ್ವ ಹಣೆ ಬಡಿದುಕೊಂಡು ಮಗನನ್ನು ಮಾಸ್ತರರ ಮುಂದೆ ನಿಲ್ಲಿಸಿದಳು.

“ಎರಡೂ ಕೂಡಿಸಬೇಕೋ ಹುಚ್ಚಪ್ಪ!” ಅಂದರು ಮಾಸ್ತರು. “ಮೊದಲನೇ ಸಲ ಯಾವುದಾದರೂ ಒಂದು. ಒಮ್ಮೆ ಗುರುತಾತಂದ್ರ, ಮುಂದ ಅದೇ.”

“ಇದನ್ನ ಬಿಟ್ಟಿ ಅಂದ್ರ ನೋಡು!” ಅಂದಳು ಅವ್ವ.

“ಬಿಡಂಗಿಲ್ಲವ್ವ.”

ಎಂಟನೆಯ ದಿನ ಸಾಹುಕಾರನ ಮುಂದೆ ಪರೀಕ್ಷೆ. “ಎ ಗೆಸ್ಟ್ ಕೇಮ್. ದಿ ಗೆಸ್ಟ್ ವಾಂಟೆಡ್ ಎ ರೂಮ್,” ಅಂದ ಯಮನೂರ. ಒಂದೂ ತಪ್ಪಿಲ್ಲ! ಸಾಹುಕಾರ ಖುಷಿಯಿಂದ ಎಂಟೂ ರೂಮಿನ ಕೀಲಿ ಕೊಟ್ಟ. “ಬಂದವರಿಗೆ ರೂಮ್ ಕೊಡು. ಸಂಜಿತನಕ ಸರಿಯಾಗಿ ನಡಿಸಿದರ ಕೆಲಸ ಖಾಯಂ,” ಅಂದು ಬೀಗರ ಮನೆ ಊಟಕ್ಕೆ ಹೋದ.

ಸಂಜೆ ಬಂದು ಕೇಳಿದ: “ಎಷ್ಟು ರೂಮ್ ತುಂಬಿದ್ವೋ?”

“ಒಂದ್ರಿ, ನಾಲ್ಕನೇ ನಂಬರು. ಆದ್ರ ಭಾಳ ಚಲೋ ತುಂಬೇತ್ರಿ.”

ಸಾಹುಕಾರ ಓಡಿ ಹೋಗಿ ನಾಲ್ಕನೇ ನಂಬರಿನ ಬಾಗಿಲು ತೆಗೆದ. ಮಂಚದ ಮೇಲೆ ಐವರು, ಕೆಳಗೆ ಏಳು ಜನ, ಕಿಟಕಿಯ ಕಟ್ಟೆಯ ಮೇಲೆ ಮಡಚಿಟ್ಟ ಕೊಡೆಯಂತೆ ಒಬ್ಬ ಉದ್ದನೆಯ ಬಿಳಿಯ!

“ಏಳು ರೂಮ್ ಖಾಲಿ ಅದಾವಲ್ಲೋ!”

“ಅವು ಗುರುತಾಗಿಲ್ರಿ.”

“ನಾಳಿಂದ ಈ ಕಡೆ ಮಾರಿ ತೋರಿಸಬ್ಯಾಡ!” ಅನ್ನುತ್ತ ಸಾಹುಕಾರ ಗೋಡೆ ಹಿಡಿದ. “ಅಯ್ಯಯ್ಯೋ, ತಲಿ ತಿರಗಾಕ ಹತ್ತೇತಿ... ಸ್ವಲ್ಪ ಅಡ್ಡಾಗಬೇಕು. ಲಗೂನ ಒಂದು ರೂಮ್ ಕೊಡೋ!”

ಯಮನೂರ ಸಾಹುಕಾರನ ತೋಳು ಹಿಡಿದು, ಮೆಲ್ಲಗೆ ನಡೆಸಿ, ನಾಲ್ಕನೇ ನಂಬರಿನೊಳಗೆ ತಲೆ ಹಾಕಿದ.

“ಸ್ವಲ್ಪ ಸರೀರಿ, ಇನ್ನೊಬ್ಬರು ಬಂದಾರ.”